ಹಕೋನೆಯಿಂದ ಏನು ತರೋಣ? ಮರದ ಕುಸುರಿ, ಕಪ್ಪು ಮೊಟ್ಟೆ, ಉಪ್ಪು ಹಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಟೋಕಿಯೊಗೆ ಕೆಲಸಕ್ಕೋ ಪ್ರವಾಸಕ್ಕೋ ಹೋದ ನಮ್ಮವರು ಒಂದು ದಿನ ಬಿಡುವು ಮಾಡಿಕೊಂಡು ಹಕೋನೆಗೆ ಹೋಗಿ ಬರುತ್ತಾರೆ. ಬಿಸಿನೀರಿನ ಸ್ನಾನ, ಆಶಿ ಸರೋವರ, ರೋಪ್‌ವೇ, ಮೋಡ ಸರಿದರೆ ಫ್ಯೂಜಿ ಬೆಟ್ಟ. ಇಷ್ಟಾಗುವಾಗ ಸಂಜೆಯಾಗಿರುತ್ತದೆ. ವಾಪಸ್ ರೈಲಿಗೆ ಅರ್ಧ ಗಂಟೆ ಇದೆ ಅನ್ನುವಾಗ ಸ್ಟೇಷನ್ ಎದುರಿನ ಅಂಗಡಿಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಕೊಂಡು ಬರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದೆ. ಎರಡನೇ ಸಲ ಅರ್ಧ ದಿನವನ್ನು ಹತಜುಕು ಅನ್ನೋ ಹಳ್ಳಿಗೆ ಮೀಸಲಿಟ್ಟೆ. ಅಲ್ಲಿ ಮರದ ಕೆಲಸ ನೋಡಿದ ಮೇಲೆ ಅಂಗಡಿಯ ಸಾಮಾನು ನೋಡುವ ಕಣ್ಣೇ ಬೇರೆ ಆಯಿತು. ಆಮೇಲೆ ಹೊರಟವರೆಲ್ಲ ಕೇಳುತ್ತಾ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಹಕೋನೆ ಎಲ್ಲಿದೆ? ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಟೋಕಿಯೊದಿಂದ ನೈಋತ್ಯಕ್ಕೆ, ಕನಗಾವಾ ಪ್ರಾಂತ್ಯದಲ್ಲಿದೆ. ಶಿಂಜುಕುವಿನಿಂದ ರೊಮಾನ್ಸ್‌ಕಾರ್ ಅನ್ನುವ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ಹಕೋನೆ-ಯುಮೊತೊ ಸ್ಟೇಷನ್‌ಗೆ ತಲುಪಿಸುತ್ತದೆ. ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ಪಕ್ಕದ ಒಡವಾರ ಊರಿನವರೆಗೆ ಬಂದು ಅಲ್ಲಿಂದ ಬೆಟ್ಟದ ರೈಲು ಹಿಡಿಯುವುದೂ ಸುಲಭ. ಒಂದು ದಿನದಲ್ಲಿ ಹೋಗಿ ಬರಬಹುದು. ಆದರೆ ಒಂದು ರಾತ್ರಿ ಉಳಿಯಿರಿ ಅಂತಲೇ ನಾನು ಹೇಳುವುದು. ಸಂಜೆ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ. ಕುಶಲಕರ್ಮಿಗಳ ಅಂಗಡಿಗಳಂತೂ ಇನ್ನೂ ಬೇಗ.

ಒಮಿಯಾಗೆ ಅಂತಾರಲ್ಲ, ಏನದು?

ಊರಿಂದ ಬರುವಾಗ ಮನೆಯವರಿಗೆ, ಆಫೀಸಿನವರಿಗೆ ತರುವ ಆ ಊರಿನ ವಿಶೇಷ. ನಮ್ಮಲ್ಲಿ ಧಾರವಾಡಕ್ಕೆ ಹೋದವರು ಪೇಡ ತರದೇ ಬಂದರೆ ಮನೆಯಲ್ಲಿ ಮುಖ ಸಣ್ಣ ಆಗುತ್ತದಲ್ಲ, ಹಾಗೇ. ಹಿಂದೆ ಜಪಾನಿನ ಹಳ್ಳಿಗಳಲ್ಲಿ ಎಲ್ಲರೂ ಸೇರಿ ದುಡ್ಡು ಕೂಡಿಸಿ, ಒಬ್ಬಿಬ್ಬರನ್ನು ತಮ್ಮ ಪರವಾಗಿ ಇಸೆ ದೇವಸ್ಥಾನದಂಥ ದೂರದ ಯಾತ್ರೆಗೆ ಕಳಿಸುತ್ತಿದ್ದರು. ಹೋದವರು ಹೋಗಲಾಗದವರಿಗೆ ಏನಾದರೂ ತರಲೇಬೇಕಿತ್ತು. ಕಾಶಿಗೆ ಹೋದವರು ಗಂಗೆಯ ತಂಬಿಗೆ ತಂದ ಹಾಗೆ.

ಇದು ಗೊತ್ತಿದ್ದರೆ ಅಂಗಡಿಯ ಲೆಕ್ಕಾಚಾರ ಅರ್ಥವಾಗುತ್ತದೆ. ಸಿಹಿ ಡಬ್ಬಿಯಲ್ಲಿ ಒಂದೊಂದು ತುಂಡಿಗೂ ಬೇರೆ ಬೇರೆ ಹೊದಿಕೆ ಇರುತ್ತದೆ, ಹಂಚಲಿಕ್ಕೆ ಅನುಕೂಲವಾಗಲಿ ಅಂತ. ಎಷ್ಟು ತುಂಡು ಇದೆ ಅಂತ ಡಬ್ಬಿಯ ಮೇಲೇ ಬರೆದಿರುತ್ತಾರೆ.

ಬಿಸಿನೀರಿನ ಊರಿಗೂ ಮರಗೆಲಸಕ್ಕೂ ಏನು ಸಂಬಂಧ?

ಎರಡು ಕಾರಣ. ಒಂದು ಕಾಡು, ಇನ್ನೊಂದು ದಾರಿ.

ಹಕೋನೆ ಬೆಟ್ಟಗಳಲ್ಲಿ ಬಗೆಬಗೆಯ ಮರಗಳಿವೆ. ಒಂದೇ ಜಾತಿಯ ಮರ ರಾಶಿ ಇರುವ ಕಾಡಾಗಿದ್ದರೆ ಈ ಕಲೆ ಹುಟ್ಟುತ್ತಲೇ ಇರಲಿಲ್ಲ. ಇನ್ನು ದಾರಿ. ಎಡೊ, ಅಂದರೆ ಈಗಿನ ಟೋಕಿಯೊ, ಮತ್ತು ಕ್ಯೋಟೊ ನಡುವೆ ತೋಕಾಯಿದೊ ಎಂಬ ಹೆದ್ದಾರಿ ಇತ್ತು. ಅದು ಹಕೋನೆ ಬೆಟ್ಟ ಹತ್ತಿಯೇ ಹೋಗಬೇಕಿತ್ತು. ಇಡೀ ದಾರಿಯಲ್ಲಿ ಅತಿ ಕಷ್ಟದ ಏರುಗಳಲ್ಲಿ ಇದೂ ಒಂದು. ಮೇಲೆ ಸರೋವರದ ಪಕ್ಕ 1619ರಲ್ಲಿ ಶೋಗನ್, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಯ ಸರ್ಕಾರ ಒಂದು ತಪಾಸಣಾ ಠಾಣೆ ಕಟ್ಟಿತು. ಎಡೊದಲ್ಲಿ ಒತ್ತೆಯಾಗಿಟ್ಟಿದ್ದ ಸಾಮಂತರ ಹೆಂಡತಿಯರು ತಪ್ಪಿಸಿಕೊಂಡು ಹೋಗಬಾರದು ಅನ್ನುವುದು ಅದರ ಮುಖ್ಯ ಕಾಳಜಿ. ಜನ ಏರು ಹತ್ತಿ ಸುಸ್ತಾಗಿ ನಡುವೆ ಎಲ್ಲೋ ಕೂರಲೇಬೇಕಲ್ಲ? ಒಡವಾರಕ್ಕೂ ಹಕೋನೆ ಠಾಣೆಗೂ ನಡುವೆ ಕೂರುವ ಜಾಗವೇ ಹತಜುಕು. ಅಲ್ಲಿನವರು ಬೋಗುಣಿ, ತಟ್ಟೆ, ಸಣ್ಣ ಪೆಟ್ಟಿಗೆ ಮಾಡಿ ಮಾರುತ್ತಿದ್ದರು. ನಡೆದು ಹೋಗುವವರು ಕೊಳ್ಳಬೇಕಾದರೆ ಸಾಮಾನು ಹಗುರ ಇರಬೇಕು, ಚಿಕ್ಕದಿರಬೇಕು, ಕಣ್ಣಿಗೆ ಕಟ್ಟಬೇಕು. ಹಕೋನೆ ಸಾಮಾನಿನ ಗುಣ ಇವತ್ತಿಗೂ ಇದೇ.

19ನೇ ಶತಮಾನದ ಮೊದಲ ಭಾಗದಲ್ಲಿ ಇದೇ ಹತಜುಕುವಿನ ಇಶಿಕಾವಾ ನಿಹೇ ಎಂಬ ಕುಶಲಕರ್ಮಿ ಬೇರೆ ಬೇರೆ ಬಣ್ಣದ ಮರಗಳನ್ನು ಜೋಡಿಸಿ ಚಿತ್ತಾರ ಮಾಡುವ ಕೆಲಸ ಶುರು ಮಾಡಿದ. ಅವನು 1790ರಲ್ಲಿ ಹುಟ್ಟಿ 1850ರಲ್ಲಿ ತೀರಿಕೊಂಡ. ಆ ಕೆಲಸವೇ ಯೊಸೆಗಿ ಜೈಕು. ಯೊಸೆಗಿ ಅಂದರೆ ಒಟ್ಟುಗೂಡಿಸಿದ ಮರ, ಜೈಕು ಅಂದರೆ ಕುಸುರಿ ಕೆಲಸ. 1984ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಎಂದು ಅಧಿಕೃತವಾಗಿ ಗುರುತಿಸಿತು.

ಅಷ್ಟೊಂದು ಬಣ್ಣ ಇದೆ. ಪೇಂಟ್ ಮಾಡ್ತಾರಾ?

ಇಲ್ಲ. ಈ ಕಲೆಯ ಜೀವ ಇರುವುದೇ ಇಲ್ಲಿ. ಕಾಣುವ ಬಣ್ಣವೆಲ್ಲ ಮರದ್ದೇ.

ಬಿಳಿಗೆ ಮಿಜುಕಿ ಮರ. ಹಳದಿಗೆ ನಿಗಾಕಿ ಅಥವಾ ಉರುಶಿ, ಅಂದರೆ ಅರಗಿನ ಹಾಗೆ ಹಚ್ಚುವ ಜಪಾನಿ ಮೆರುಗು ಕೊಡುವ ಅದೇ ಮರ. ಕಂದಿಗೆ ವಾಲ್‌ನಟ್. ಬೂದು ಬೆರೆತ ಹಸಿರಿಗೆ ಹೋನೋಕಿ. ಕಪ್ಪಿಗೆ ಜಿಂದಾಯ್ ಕತ್ಸುರಾ: ಎಷ್ಟೋ ಕಾಲ ಮಣ್ಣಿನಡಿ ಹೂತು ಹೋಗಿ ತಾನಾಗಿ ಕಪ್ಪಾದ ಕತ್ಸುರಾ ಮರ. ಕೆಂಪಿಗೆ ಈಗ ಹೆಚ್ಚಾಗಿ ಹೊರದೇಶದ ಪಡೌಕ್ ಬಳಸುತ್ತಾರೆ. ಪಡೌಕ್ ನಮ್ಮ ಹೊನ್ನೆ ಮತ್ತು ರಕ್ತಚಂದನದ ಕುಲಕ್ಕೇ ಸೇರಿದ ಮರ. ಹೊನ್ನೆಯ ಕೆಂಪು ಅಂಟು ನೋಡಿದವರಿಗೆ ಆ ಬಣ್ಣ ಗುರುತು ಸಿಗುತ್ತದೆ.

ಬಣ್ಣ ಮರದ್ದೇ ಆದ್ದರಿಂದ ಅದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕೆಂಪು ನಿಧಾನವಾಗಿ ಕಂದು ಕಡೆ ವಾಲುತ್ತದೆ, ಬಿಳಿ ಬೆಣ್ಣೆ ಬಣ್ಣಕ್ಕೆ ತಿರುಗುತ್ತದೆ. ಮಾಸಿತು ಅಂತ ಬೇಸರ ಮಾಡಿಕೊಳ್ಳಬೇಡಿ. ಹಳೆಯ ತುಂಡುಗಳಲ್ಲಿ ಬಣ್ಣಗಳು ಒಂದಕ್ಕೊಂದು ಹತ್ತಿರ ಬಂದು ಕೂತಿರುವುದು ನನಗಂತೂ ಹೊಸದಕ್ಕಿಂತ ಚೆಂದ ಕಾಣುತ್ತದೆ.

ಅಷ್ಟು ಸಣ್ಣ ಚೂರುಗಳನ್ನು ಹೇಗೆ ಜೋಡಿಸುತ್ತಾರೆ?

ಅಂಗಡಿಯಲ್ಲಿ ನೋಡಿದವರು ಒಂದೊಂದೇ ಚೂರನ್ನು ಚಿಮ್ಮಟದಲ್ಲಿ ಹಿಡಿದು ಅಂಟಿಸಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಉಪಾಯ ಬೇರೆ ಇದೆ.

ಮೊದಲು ಒಣಗಿದ ಮರವನ್ನು ಉದ್ದುದ್ದ ಕಡ್ಡಿಗಳಾಗಿ ಕೊಯ್ಯುತ್ತಾರೆ. ತ್ರಿಕೋನ, ಚೌಕ, ವಜ್ರದ ಆಕಾರ, ಚಿತ್ತಾರಕ್ಕೆ ಯಾವುದು ಬೇಕೋ ಅದು. ಕೋನ ಕೂದಲೆಳೆಯಷ್ಟು ತಪ್ಪಿದರೂ ಆಮೇಲೆ ಸಂದು ಬೀಳುತ್ತದೆ. ಹಾಗಾಗಿ ಒಂದೊಂದು ಕೋನಕ್ಕೂ ಒಂದೊಂದು ಅಚ್ಚು ಇಟ್ಟುಕೊಂಡು, ಅದರಲ್ಲಿ ಕಡ್ಡಿ ಕೂರಿಸಿ ಹತ್ತರಿ, ಅಂದರೆ ಮರ ಹೆರೆಯುವ ಉಜ್ಜುಗೊರಡು, ಹೊಡೆಯುತ್ತಾರೆ. ಈ ಕಡ್ಡಿಗಳಿಗೆ ಅಂಟು ಹಚ್ಚಿ, ಕಟ್ಟಾಗಿ ಸೇರಿಸಿ, ದಾರದಿಂದ ಬಿಗಿಯಾಗಿ ಸುತ್ತಿ ಒಣಗಿಸುತ್ತಾರೆ. ಒಣಗಿದ ಕಟ್ಟಿನ ತುದಿ ನೋಡಿದರೆ ಒಂದು ಹೂವೋ ನಕ್ಷತ್ರವೋ ಕಾಣುತ್ತದೆ. ಆ ಉದ್ದ ಕಟ್ಟನ್ನು ತುಂಡು ಮಾಡಿದರೆ ಒಂದೇ ಥರದ ಎಷ್ಟೋ ತುಂಡು ಸಿಗುತ್ತವೆ. ಅವನ್ನು ಪಕ್ಕ ಪಕ್ಕ ಅಂಟಿಸಿದರೆ ದೊಡ್ಡ ಹಲಗೆ. ಅದರ ಮುಖದ ತುಂಬ ಚಿತ್ತಾರ. ಚಿತ್ತಾರ ಬರೀ ಮುಖದ ಮೇಲಿಲ್ಲ, ಹಲಗೆಯ ಒಳಗೆ ಪೂರ್ತಿ ಹಾದು ಹೋಗಿದೆ. ಎಲ್ಲಿ ಕೊಯ್ದರೂ ಅದೇ ಚಿತ್ತಾರ.

ಇಲ್ಲಿಂದ ದಾರಿ ಎರಡಾಗುತ್ತದೆ. ಆ ಹಲಗೆಯ ಮೇಲೆ ತುಂಬ ಹರಿತವಾದ ದೊಡ್ಡ ಹತ್ತರಿ ಎಳೆದರೆ, ಕಾಗದದಂಥ ಹಾಳೆ ಸುರುಳಿ ಸುತ್ತಿಕೊಂಡು ಬರುತ್ತದೆ. ಇದಕ್ಕೆ ಜುಕು ಎನ್ನುತ್ತಾರೆ. ದಪ್ಪ ಸುಮಾರು 0.2 ಮಿಲಿಮೀಟರ್. ಬೆಳಕಿಗೆ ಹಿಡಿದರೆ ಆಚೆ ಬದಿ ಮಂಕಾಗಿ ಕಾಣುತ್ತದೆ. ಆ ಸುರುಳಿಯನ್ನು ಇಸ್ತ್ರಿ ಹಾಕಿ ಚಪ್ಪಟೆ ಮಾಡಿ ಪೆಟ್ಟಿಗೆ, ಡ್ರಾಯರ್, ಟ್ರೇ ಮೇಲೆ ಅಂಟಿಸುತ್ತಾರೆ. ಇನ್ನೊಂದು ದಾರಿಯಲ್ಲಿ ಹಾಳೆ ತೆಗೆಯುವುದೇ ಇಲ್ಲ. ಇಡೀ ಹಲಗೆಯನ್ನೇ ಚರಕಿಗೆ, ಅಂದರೆ ಲೇಥ್‌ಗೆ ಸಿಕ್ಕಿಸಿ ಬೋಗುಣಿ, ತಟ್ಟೆ ಕಡೆಯುತ್ತಾರೆ. ಇದು ಮುಕು.

ನಾನು ಹತಜುಕುವಿನಲ್ಲಿ ಆ ಹತ್ತರಿ ಎಳೆಯುವುದನ್ನು ನೋಡುತ್ತಾ ನಿಂತಿದ್ದೆ. ಒಂದೇ ಎಳೆತ. ನಡುವೆ ತಡೆದರೆ ಹಾಳೆ ಹರಿಯುತ್ತದೆ. ಮಾಡುವವರ ಕೈಗಿಂತ ಸೊಂಟವೇ ಹೆಚ್ಚು ಕೆಲಸ ಮಾಡುತ್ತಿತ್ತು.

ಜುಕು ಕೊಳ್ಳಬೇಕಾ, ಮುಕು ಕೊಳ್ಳಬೇಕಾ?

ಮುಕು ತುಂಬ ದುಬಾರಿ. ಒಂದು ಹಲಗೆಯಿಂದ ಜುಕು ಹಾಳೆಗಳು ರಾಶಿ ಬರುತ್ತವೆ, ಮುಕುವಿಗೆ ಇಡೀ ಹಲಗೆಯೇ ಖರ್ಚು, ಅದರಲ್ಲೂ ಅರ್ಧಕ್ಕರ್ಧ ಹೊಟ್ಟಾಗಿ ಉದುರುತ್ತದೆ. ಆದರೆ ಮುಕುವಿನಲ್ಲಿ ಒಂದು ಸೊಗಸಿದೆ. ಬೋಗುಣಿಯ ಬಾಗಿದ ಒಳಮೈಯಲ್ಲಿ ನೇರ ಗೆರೆಗಳ ಚಿತ್ತಾರ ಬಳುಕಿ, ಹೂವಿನ ಹಾಗೆ ಅರಳುತ್ತದೆ. ಮುಂಚೆ ಬರೆದಿಟ್ಟು ಮಾಡಿದ್ದಲ್ಲ, ಕಡೆಯುತ್ತಾ ಹೋದ ಹಾಗೆ ಹೊರಬರುವುದು.

ಮನೆಗೆ ಒಂದೇ ಒಂದು ವಸ್ತು, ಬಹಳ ವರ್ಷ ಬಳಸುವುದು ಬೇಕಿದ್ದರೆ ಮುಕುವಿನ ಸಣ್ಣ ತಟ್ಟೆಯನ್ನೋ ಚಾಪ್‌ಸ್ಟಿಕ್ ಇಡುವ ಪುಟ್ಟ ಆಸರೆಯನ್ನೋ ನೋಡಿ. ಹಂಚಲಿಕ್ಕೆ ಬೇಕಿದ್ದರೆ ಜುಕು ಅಂಟಿಸಿದ ಕೋಸ್ಟರ್, ಬುಕ್‌ಮಾರ್ಕ್ ಸಾಕು. ಜುಕು ಅಂದರೆ ಕಳಪೆ ಅಂತಲ್ಲ. ರಹಸ್ಯ ಪೆಟ್ಟಿಗೆಗಳೆಲ್ಲ ಹೆಚ್ಚಾಗಿ ಜುಕುವಿನವೇ, ಮತ್ತು ಅದನ್ನು ಮೂಲೆಯಲ್ಲಿ ಸಂದು ಕಾಣದ ಹಾಗೆ ಅಂಟಿಸುವುದೂ ಪಳಗಿದ ಕೈಯ ಕೆಲಸ.

ಮುಕು ಎಷ್ಟು ದೊಡ್ಡದಾಗಬಹುದು ಅಂತ ನೋಡಬೇಕಾದರೆ ಹೊಸ ವರ್ಷದ ಹಕೋನೆ ಎಕಿದೆನ್ ಓಟ ನೋಡಿ. 1920ರಲ್ಲಿ ಶುರುವಾದ, ವಿಶ್ವವಿದ್ಯಾಲಯಗಳ ರಿಲೇ ಓಟ ಅದು. ಪ್ರತಿ ಜನವರಿ 2 ಮತ್ತು 3ರಂದು ಟೋಕಿಯೊದಿಂದ ಆಶಿ ಸರೋವರಕ್ಕೆ ಓಡಿ ಬಂದು, ಮರುದಿನ ವಾಪಸ್ ಓಡುತ್ತಾರೆ. ಮೊದಲ ದಿನ ಗೆದ್ದ ತಂಡಕ್ಕೆ ಕೊಡುವ ಟ್ರೋಫಿ ಯೊಸೆಗಿಯದ್ದು. 1997ರಿಂದ ಅದನ್ನು ಕನಾಜಾಶಿ ಕತ್ಸುಎತ್ಸು ಎಂಬ ಹಿರಿಯ ಕುಶಲಕರ್ಮಿ ಮಾಡುತ್ತಾ ಬಂದವರು. ಪ್ರತಿ ವರ್ಷವೂ ಹೊಸ ವಿನ್ಯಾಸ.

ಇದು ನಮ್ಮ ಮೈಸೂರಿನ ಇನ್‌ಲೇ ಥರವೇ ಅಲ್ವಾ?

ದೂರದಿಂದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಬೇರೆ. ಮೈಸೂರಿನಲ್ಲಿ ಬೀಟೆ ಹಲಗೆಯಲ್ಲಿ ಆಕಾರ ಕೊರೆದು, ಆ ಗುಳಿಯಲ್ಲಿ ಬೇರೆ ಬಣ್ಣದ ಮರದ ತುಂಡು ಕೂರಿಸುತ್ತಾರೆ. ಹಿಂದೆ ದಂತವನ್ನೂ ಕೂರಿಸುತ್ತಿದ್ದರು. ಅಲ್ಲಿ ಆನೆ, ಹಳ್ಳಿ, ದಸರಾ ಮೆರವಣಿಗೆಯಂಥ ಚಿತ್ರಗಳಿರುತ್ತವೆ. ಯೊಸೆಗಿಯಲ್ಲಿ ಗುಳಿ ಕೊರೆಯುವುದೇ ಇಲ್ಲ. ಹಲಗೆಯೇ ಚಿತ್ತಾರ, ಚಿತ್ತಾರವೇ ಹಲಗೆ. ಹಾಗಾಗಿ ಜ್ಯಾಮಿತಿಯ ಆಕಾರಗಳೇ ಜಾಸ್ತಿ.

ಮೈಸೂರಿನದಕ್ಕೆ ನಿಜವಾದ ಜೋಡಿ ಹಕೋನೆಯಲ್ಲೇ ಇನ್ನೊಂದಿದೆ. ಮೊಕು ಜೋಗಾನ್ ಅಂತ. ಫ್ಯೂಜಿ ಬೆಟ್ಟ, ಸರೋವರ, ಹೂವು, ಹಕ್ಕಿಗಳ ಮರದ ಚಿತ್ರಗಳು. ಎರಡು ಬಣ್ಣದ ಹಲಗೆ ಒಂದರ ಮೇಲೊಂದಿಟ್ಟು, ತೆಳ್ಳನೆಯ ತಂತಿ ಗರಗಸವನ್ನು ಸ್ವಲ್ಪ ಓರೆಯಾಗಿ ಹಿಡಿದು ಎರಡನ್ನೂ ಒಟ್ಟಿಗೇ ಕೊಯ್ಯುತ್ತಾರೆ. ಓರೆಯಾಗಿ ಕೊಯ್ದಿದ್ದರಿಂದ ಮೇಲಿನ ತುಂಡು ಕೆಳಗಿನ ತೂತಿನಲ್ಲಿ ಬಿರಡೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಪ್ರವಾಸಿಗಳು ಇದರ ಮುಂದೆ ನಿಲ್ಲುವುದು ಕಡಿಮೆ. ಮೈಸೂರಿನವರು ದಯವಿಟ್ಟು ನಿಂತು ನೋಡಿ.

ಚಿತ್ತಾರಗಳಿಗೆ ಅರ್ಥ ಇದೆಯಾ? ಮದುವೆಗೆ, ಮಗುವಿಗೆ ಯಾವುದು ಕೊಡಬಹುದು?

ಮಗುವಿಗೆ ಅಸನೋಹ, ಅಂದರೆ ಸೆಣಬಿನಂಥ ಗಿಡದ ಎಲೆ. ಆ ಗಿಡ ನೆಟ್ಟಗೆ, ಬೇಗ ಬೆಳೆಯುತ್ತದೆ ಅಂತ ಜಪಾನಿನಲ್ಲಿ ಕೂಸಿನ ಬಟ್ಟೆಗೂ ಇದೇ ಚಿತ್ತಾರ ಹಾಕುತ್ತಾರೆ. ಹಿರಿಯರಿಗೆ ಕಿಕ್ಕೊ, ಆಮೆ ಚಿಪ್ಪು, ದೀರ್ಘಾಯುಷ್ಯಕ್ಕೆ. ಮದುವೆಗೆ ಯಬಾನೆ, ಬಾಣದ ಗರಿ. ಬಿಟ್ಟ ಬಾಣ ಹಿಂದಿರುಗದ ಹಾಗೆ ಹೆಣ್ಣು ಹೋದ ಮನೆಯಲ್ಲೇ ನೆಲೆಸಲಿ ಅನ್ನುವ ಹಳೆಯ ಕಾಲದ ಹಾರೈಕೆ. ಇವತ್ತು ಆ ಅರ್ಥ ಹೇಳದೇ ಚಿತ್ತಾರ ಮಾತ್ರ ಕೊಟ್ಟರೆ ಒಳ್ಳೆಯದು ಅನ್ನಿಸುತ್ತದೆ.

ಎರಡು ಬಣ್ಣದ ಚೌಕಗಳ ಇಚಿಮತ್ಸು ಎಲ್ಲರಿಗೂ ಒಪ್ಪುತ್ತದೆ. 18ನೇ ಶತಮಾನದ ಕಬುಕಿ ನಾಟಕದ ನಟ ಸನೊಗಾವಾ ಇಚಿಮತ್ಸು ಆ ಚಿತ್ತಾರದ ಉಡುಗೆ ತೊಟ್ಟಿದ್ದರಿಂದ ಈ ಹೆಸರು. ಟೋಕಿಯೊ 2020 ಒಲಿಂಪಿಕ್ಸ್ ಲಾಂಛನಕ್ಕೆ ಬಳಸಿದ್ದೂ ಇದನ್ನೇ. ತ್ರಿಕೋನಗಳ ಉರೊಕೊ, ಅಂದರೆ ಮೀನಿನ ಹುರುಪೆ, ಈ ಸೀಮೆಗೆ ಇನ್ನಷ್ಟು ಹತ್ತಿರದ್ದು. ಒಡವಾರ ಕೋಟೆಯನ್ನು ಆಳಿದ ಹೋಜೊ ಮನೆತನದ ಗುರುತು ಮೂರು ತ್ರಿಕೋನ.

ರಹಸ್ಯ ಪೆಟ್ಟಿಗೆ ತುಂಬ ಕಷ್ಟಾನಾ? ಮಕ್ಕಳಿಗೆ ತರಬಹುದಾ?

ಹಿಮಿತ್ಸು ಬಾಕೊ ಎನ್ನುತ್ತಾರೆ. ಬೀಗ ಇಲ್ಲ, ಕೀಲಿ ಇಲ್ಲ, ಮುಚ್ಚಳ ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ. ಪಕ್ಕದ ಪಟ್ಟಿಗಳನ್ನು ಸರಿಯಾದ ಕ್ರಮದಲ್ಲಿ ಒಂದೊಂದು ಚೂರು ಸರಿಸುತ್ತಾ ಹೋದರೆ ಕೊನೆಗೆ ಮುಚ್ಚಳ ಜಾರುತ್ತದೆ. ಎಷ್ಟು ಸಲ ಸರಿಸಬೇಕು ಅನ್ನುವುದರ ಮೇಲೆ ಬೆಲೆ. 4 ಸಲದ ಪೆಟ್ಟಿಗೆಯೂ ಇದೆ, 72 ಸಲದ್ದೂ ಇದೆ. ಅಳತೆ ಹಳೆಯ ಜಪಾನಿ ಮಾನ ಸುನ್‌ನಲ್ಲಿ ಹೇಳುತ್ತಾರೆ. ಒಂದು ಸುನ್ ಅಂದರೆ ಸುಮಾರು 3 ಸೆಂಟಿಮೀಟರ್.

ಎಂಟು ಹತ್ತು ವರ್ಷದ ಮಕ್ಕಳಿಗೆ 4ರಿಂದ 7 ಸಲದ್ದು ಸಾಕು. ದೊಡ್ಡವರಿಗೆ 10 ಸಲದ್ದು ಒಳ್ಳೆಯ ಆರಂಭ. 21ರ ಮೇಲೆ ಹೋಗುವುದು ನಿಜವಾಗಿ ಈ ಆಟದ ಹುಚ್ಚು ಇರುವವರಿಗೆ. ಉಗುರು ಹಾಕಿ ಮೀಟುವ ಸಣ್ಣ ಮಕ್ಕಳಿಗೆ ಬೇಡ, ಪಟ್ಟಿ ಮುರಿಯುತ್ತದೆ.

ಇದೇ ಜಾಡಿನಲ್ಲಿ ಹೊಸದನ್ನು ಮಾಡುವವರೂ ಇದ್ದಾರೆ. ಒಡವಾರದ ಕರಾಕುರಿ ಕ್ರಿಯೇಶನ್ ಗ್ರೂಪ್‌ನ ಕಲಾವಿದರ ಪೆಟ್ಟಿಗೆಗಳು ಓರೆ ಮಾಡಿದರೆ, ತಿರುಗಿಸಿದರೆ ತೆರೆಯುತ್ತವೆ. ಜಗತ್ತಿನ ಒಗಟು ಪ್ರಿಯರು ಅವನ್ನು ಕಾಯ್ದು ಕೊಳ್ಳುತ್ತಾರೆ.

ಅಸಲಿ ಯಾವುದು, ಪ್ರಿಂಟ್ ಯಾವುದು ಅಂತ ಗೊತ್ತಾಗೋದು ಹೇಗೆ?

ಚಿತ್ತಾರದ ಒಂದೇ ಬಣ್ಣದ ಎರಡು ಚೂರುಗಳನ್ನು ಹತ್ತಿರದಿಂದ ನೋಡಿ. ಅಸಲಿಯಲ್ಲಿ ಎಳೆ ಒಂದೊಂದರಲ್ಲಿ ಒಂದೊಂದು ದಿಕ್ಕಿಗಿರುತ್ತದೆ. ಪೆಟ್ಟಿಗೆಯನ್ನು ಬೆಳಕಿಗೆ ಓರೆ ಮಾಡಿದರೆ ಕೆಲವು ಚೂರು ಮಿನುಗಿ ಕೆಲವು ಮಂಕಾಗುತ್ತವೆ. ಪ್ರಿಂಟ್ ಆದರೆ ಎಲ್ಲವೂ ಒಂದೇ ಸಮ ಹೊಳೆಯುತ್ತವೆ. ಒಂದೇ ಥರದ ಎರಡು ಕೋಸ್ಟರ್ ಪಕ್ಕದಲ್ಲಿಟ್ಟರೆ ಅಸಲಿಗಳು ಚೂರಾದರೂ ಬೇರೆ ಬೇರೆ. ಸರ್ಕಾರದ ಮಾನ್ಯತೆಯ ಸಾಂಪ್ರದಾಯಿಕ ಕರಕುಶಲದ ಮುದ್ರೆಯ ಚೀಟಿ ಕೆಲವಕ್ಕೆ ಅಂಟಿಸಿರುತ್ತಾರೆ. ಅದಿದ್ದರೆ ಯೋಚನೆಯೇ ಬೇಡ.

ಅನುಮಾನವಿದ್ದರೆ ಅಂಗಡಿಯವರನ್ನೇ ಕೇಳಿ, "ಯಾರು ಮಾಡಿದ್ದು?" ಅಂತ. ಅಸಲಿ ಇಟ್ಟಿರುವವರು ಖುಷಿಯಿಂದ ಹೇಳುತ್ತಾರೆ.

ಒಂದರೊಳಗೊಂದು ಕೂರುವ ಗೊಂಬೆ ರಷ್ಯಾದ್ದಲ್ವಾ? ಇಲ್ಲೂ ಇದೆಯಲ್ಲ!

ಹಕೋನೆಯಲ್ಲಿ ಏಳು ಅದೃಷ್ಟ ದೇವತೆಗಳನ್ನು ಹೀಗೆ ಒಬ್ಬರೊಳಗೊಬ್ಬರನ್ನು ಕೂರಿಸುವ ಗೊಂಬೆ ಬಹಳ ಹಿಂದಿನಿಂದ ಇದೆ. ಇಲ್ಲಿಂದ 19ನೇ ಶತಮಾನದ ಕೊನೆಯಲ್ಲಿ ಒಂದು ಗೊಂಬೆ ರಷ್ಯಾಕ್ಕೆ ಹೋಯಿತು, ಅದನ್ನು ನೋಡಿಯೇ ಮತ್ರ್ಯೋಷ್ಕಾ ಹುಟ್ಟಿತು ಅನ್ನುವ ಮಾತು ಊರಲ್ಲೆಲ್ಲ ಕೇಳಿಸುತ್ತದೆ. ಇದಕ್ಕೆ ಎಲ್ಲರೂ ಒಪ್ಪುವುದಿಲ್ಲ. ಏನೇ ಇರಲಿ, ಕೆಲಸ ಸೊಗಸಾದದ್ದು. ಚನ್ನಪಟ್ಟಣದ ಹಾಗೆ ಎಲ್ಲವೂ ಚರಕಿಯ ಮೇಲೆ ಕಡೆದದ್ದು. ಆದರೆ ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೇ ಅರಗಿನ ಕಡ್ಡಿ ಒತ್ತಿ ಬಣ್ಣ ಕೊಡುತ್ತಾರೆ, ಇಲ್ಲಿ ಕುಂಚದಿಂದ ಮುಖ ಬರೆಯುತ್ತಾರೆ.

ಕಪ್ಪು ಮೊಟ್ಟೆ ತಿಂದರೆ ಏಳು ವರ್ಷ ಆಯುಸ್ಸು ಹೆಚ್ಚುತ್ತದಂತೆ, ನಿಜಾನಾ?

ಅದು ಅಲ್ಲಿನ ನಂಬಿಕೆ. ಓವಕುದಾನಿಯಲ್ಲಿ ಆಯುಸ್ಸು ಹೆಚ್ಚಿಸುವ ಜಿಜೋ ದೇವರ ಗುಡಿ ಇದೆ, ಆ ಹರಕೆಗೆ ಹೊಂದಿಕೊಂಡು ಬಂದ ಮಾತು.

ಓವಕುದಾನಿ ಸುಮಾರು 3,000 ವರ್ಷದ ಹಿಂದೆ ಹಕೋನೆ ಜ್ವಾಲಾಮುಖಿ ಸಿಡಿದಾಗ ಆದ ಕಣಿವೆ. ಇವತ್ತಿಗೂ ನೆಲದಿಂದ ಗಂಧಕದ ಹೊಗೆ ಏಳುತ್ತಲೇ ಇದೆ. ಮೊದಲು ಇದರ ಹೆಸರು ದೊಡ್ಡ ನರಕ ಅಂತಲೇ ಇತ್ತು. 1876ರಲ್ಲಿ ಮೇಜಿ ಚಕ್ರವರ್ತಿ ಬರುತ್ತಾರೆ ಅಂದಾಗ, ಚಕ್ರವರ್ತಿಯನ್ನು ನರಕಕ್ಕೆ ಕರೆದೊಯ್ಯುವುದು ಹೇಗೆ ಅಂತ ಹೆಸರು ಬದಲಿಸಿದರು. ಓವಕುದಾನಿ ಅಂದರೆ ಜೋರಾಗಿ ಕುದಿಯುವ ಕಣಿವೆ.

ಮೊಟ್ಟೆಯನ್ನು ಅಲ್ಲಿನ ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಬೇಯಿಸಿ, ಆಮೇಲೆ ಹಬೆಯಲ್ಲಿ ಇಡುತ್ತಾರೆ. ನೀರಿನ ಕಬ್ಬಿಣದ ಅಂಶ ಚಿಪ್ಪಿಗೆ ಹತ್ತಿಕೊಳ್ಳುತ್ತದೆ. ಅದು ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅದೇ ಕಪ್ಪು. ಒಳಗೆ ಸಾದಾ ಬೆಂದ ಮೊಟ್ಟೆಯೇ, ಬಿಳಿ ಬಿಳಿಯೇ, ಹಳದಿ ಹಳದಿಯೇ. ಊರಿಗೆ ಕಟ್ಟಿಕೊಂಡು ಬರುವ ಯೋಚನೆ ಬಿಡಿ. ಬಿಸಿ ಇರುವಾಗ ಅಲ್ಲೇ ತಿನ್ನಿ.

ಒಂದು ಎಚ್ಚರಿಕೆ. ಅಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಅಲ್ಲಿನ ಗಾಳಿಯಿಂದ ದೂರ ಇರಬೇಕು ಅಂತ ಬೋರ್ಡ್ ಹಾಕಿದ್ದಾರೆ. ಸುಮ್ನೆ ಹಾಕಿದ್ದಲ್ಲ ಅದು. 2015ರಲ್ಲಿ ಜ್ವಾಲಾಮುಖಿಯ ಚಟುವಟಿಕೆ ಏರಿ ಕಣಿವೆಯನ್ನೇ ಮುಚ್ಚಿದ್ದರು. ಹೊರಡುವ ದಿನ ಬೆಳಿಗ್ಗೆ ರೋಪ್‌ವೇ ನಡೆಯುತ್ತಿದೆಯಾ ನೋಡಿಕೊಳ್ಳಿ.

ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು, ಏನು ತರಬಹುದು?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು. ಸಿಹಿಯ ಕಡೆ ಹೋಗಿ, ಖಾರದ ಕಡೆ ಹುಷಾರಾಗಿರಿ. ಖಾರದ ಬಿಸ್ಕತ್ತು, ಕುರುಕಲುಗಳಲ್ಲಿ ಸೀಗಡಿ ಪುಡಿ, ಒಣ ಮೀನಿನ ಸಾರ ಇರುವುದು ಬಹಳ ಸಾಮಾನ್ಯ.

ಆನ್‌ಸೆನ್ ಮಾಂಜು ಮೊದಲು ನೋಡಿ. ಬೆಲ್ಲದಂಥ ಕಪ್ಪು ಸಕ್ಕರೆ ಸೇರಿಸಿದ ಗೋಧಿ ಹಿಟ್ಟಿನ ಹೊದಿಕೆ, ಒಳಗೆ ಅಜುಕಿ ಎಂಬ ಕೆಂಪು ಕಾಳಿನ ಹೂರಣ, ಹಬೆಯಲ್ಲಿ ಬೇಯಿಸಿದ್ದು. ಈ ಕಂದು ಮಾಂಜು ಹುಟ್ಟಿದ್ದು ಹಕೋನೆಯಲ್ಲಲ್ಲ, ಗುನ್ಮಾ ಪ್ರಾಂತ್ಯದ ಇಕಾಹೊದಲ್ಲಿ, 1910ರಲ್ಲಿ ಅಂತ ಹೇಳುತ್ತಾರೆ. ಅಲ್ಲಿಂದ ಬಿಸಿನೀರಿನ ಊರುಗಳಿಗೆಲ್ಲ ಹಬ್ಬಿತು. ಯುಮೊತೊ ಬೀದಿಯಲ್ಲಿ ಹಬೆಯಾಡುವಾಗಲೇ ಒಂದೊಂದು ಕೊಳ್ಳಬಹುದು. ಕಡುಬು ತಿಂದು ಬೆಳೆದವರಿಗೆ ಇದು ಹೊಸ ರುಚಿಯೇ ಅಲ್ಲ.

ಇನ್ನೊಂದು ಒಡವಾರದ ಉಯಿರೊ. ಅಕ್ಕಿ ಹಿಟ್ಟು, ಸಕ್ಕರೆ ಸೇರಿಸಿ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ಸಿಹಿ. ನಮ್ಮ ಹಾಲುಬಾಯಿಯ ನೆನಪು ಬರುತ್ತದೆ, ಆದರೆ ತೆಂಗಿನಕಾಯಿಯ ಪರಿಮಳ ಇಲ್ಲ. ಉಯಿರೊ ಅನ್ನುವುದು ಒಂದು ಮನೆತನದ ಹೆಸರು. 1504ರಲ್ಲಿ ಅವರು ಒಡವಾರಕ್ಕೆ ಬಂದು ನೆಲೆಸಿದರು. ಇವತ್ತಿಗೂ ಕೋಟೆಯಂಥ ಕಟ್ಟಡದ ಅವರ ಅಂಗಡಿಯಲ್ಲಿ ಸಿಹಿಯನ್ನೂ, ಹಳೆಯ ಕಾಲದ ಒಂದು ಔಷಧಿಯನ್ನೂ ಮಾರುತ್ತಾರೆ. ಔಷಧಿ ಬಿಡಿ, ಸಿಹಿ ತನ್ನಿ.

ಹತಜುಕುವಿನಿಂದ ಮೇಲೆ ಹಳೆಯ ಕಲ್ಲು ಹಾಸಿನ ದಾರಿಯಲ್ಲಿ ನಡೆದರೆ ಅಮಜಾಕೆ ಚಾಯ ಎಂಬ ಹುಲ್ಲು ಮಾಡಿನ ಅಂಗಡಿ ಸಿಗುತ್ತದೆ. ಒಂದೇ ಕುಟುಂಬ ಹದಿಮೂರು ತಲೆಮಾರಿನಿಂದ ನಡೆಸುತ್ತಿದೆ. ಅಲ್ಲಿ ಅಮಜಾಕೆ ಕುಡಿಯಿರಿ. ಅಕ್ಕಿಯನ್ನು ಹುದುಗಿಸಿ ಮಾಡಿದ ಬಿಸಿ ಪಾನೀಯ. ಸಕ್ಕರೆ ಹಾಕದೆಯೇ ಸಿಹಿ, ಮದ್ಯದ ಅಂಶ ಇಲ್ಲ.

ಲೇಬಲ್ ಬಗ್ಗೆ ಒಂದು ಮಾತು. ಜಪಾನಿನ ಪೊಟ್ಟಣಗಳ ಮೇಲೆ ಅಲರ್ಜಿ ಪಟ್ಟಿ ಕಡ್ಡಾಯ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಅದರಲ್ಲಿರುತ್ತವೆ. ಆದರೆ ಮೀನು, ಮಾಂಸ, ಜೆಲಾಟಿನ್ ಕಡ್ಡಾಯ ಪಟ್ಟಿಯಲ್ಲಿ ಇಲ್ಲ. ಆ ಚೌಕ ಖಾಲಿ ಇದೆ ಅಂತ ಸಸ್ಯಾಹಾರ ಅಂದುಕೊಳ್ಳಬೇಡಿ. ಫೋನಿನ ಅನುವಾದ ಕ್ಯಾಮೆರಾದಲ್ಲಿ ಪೂರ್ತಿ ಪದಾರ್ಥಗಳ ಪಟ್ಟಿ ಓದಿ.

ಬಣ್ಣದ ಬರ್ಫಿಯ ಹಾಗೆ ಮರದ ಹಲಗೆ ಮೇಲೆ ಕೂತಿರುತ್ತದಲ್ಲ, ಅದೇನು?

ಕಮಬೊಕೊ. ಬರ್ಫಿ ಅಲ್ಲ, ಮೀನು! ಬಿಳಿ ಮೀನಿನ ಮಾಂಸ ಅರೆದು, ಹಲಗೆಯ ಮೇಲೆ ಗುಡ್ಡೆ ಮಾಡಿ ಹಬೆಯಲ್ಲಿ ಬೇಯಿಸಿದ್ದು. ಒಡವಾರ ಇದಕ್ಕೆ ಹೆಸರುವಾಸಿ. ಮೀನು ತಿನ್ನುವವರು ಅಲ್ಲೇ ತಂಪಾಗಿ ಕೊಯ್ದು ತಿನ್ನಿ, ಫ್ರಿಜ್ ಇಲ್ಲದೆ ಊರಿಗೆ ತರುವ ವಸ್ತು ಅಲ್ಲ. 1865ರಲ್ಲಿ ಶುರುವಾದ ಸುಜುಹಿರೊ ಕಂಪನಿಯ ಮ್ಯೂಸಿಯಂನಲ್ಲಿ ನಾವೇ ಕೈಯಾರೆ ಮಾಡಿ ನೋಡಲೂಬಹುದು.

ಉಮೆಬೊಶಿ ನಮ್ಮ ನಾಲಿಗೆಗೆ ಹಿಡಿಸುತ್ತಾ?

ಹಿಡಿಸುತ್ತದೆ. ನನ್ನ ಮಟ್ಟಿಗೆ ಹಕೋನೆ ಕಡೆಯಿಂದ ತರಲೇಬೇಕಾದ ತಿನಿಸು ಇದು. ಉಮೆ ಅನ್ನುವ ಹುಳಿ ಹಣ್ಣನ್ನು ಉಪ್ಪಿನಲ್ಲಿ ಹಾಕಿ, ಬಿಸಿಲಿನಲ್ಲಿ ಒಣಗಿಸಿ ಮಾಡುತ್ತಾರೆ. ಶಿಸೊ ಎಂಬ ಎಲೆಯಿಂದ ಕೆಂಪು ಬಣ್ಣ ಬರುತ್ತದೆ. ಒಡವಾರದ ಸೊಗಾ ತೋಪಿನಲ್ಲಿ ಸುಮಾರು 35,000 ಉಮೆ ಮರಗಳಿವೆ, ಫೆಬ್ರವರಿಯಲ್ಲಿ ಬೆಳ್ಳಗೆ ಹೂ ಬಿಡುತ್ತವೆ. ಅಲ್ಲಿನ ಜೂರೊ ತಳಿಗೆ ಸಿಪ್ಪೆ ತೆಳು, ತಿರುಳು ಜಾಸ್ತಿ. ಹಕೋನೆ ಏರು ಹತ್ತುವ ದಾರಿಹೋಕರು ಇದನ್ನು ಬುತ್ತಿಯ ಜೊತೆ ಕಟ್ಟಿಕೊಳ್ಳುತ್ತಿದ್ದರು.

ಹಳೆಯ ರೀತಿಯದ್ದರಲ್ಲಿ ನೂರಕ್ಕೆ 18ರಿಂದ 20ರಷ್ಟು ಉಪ್ಪು. ನಾಲಿಗೆ ಚುರ್ ಅನ್ನುತ್ತದೆ. ನಮ್ಮ ಉಪ್ಪಿನಲ್ಲಿಟ್ಟ ಮಾವಿನಮಿಡಿ ಇಷ್ಟವಾದವರಿಗೆ ಅದೇ ಸರಿ. ಮೊಸರನ್ನದ ಜೊತೆ ಒಂದು ಚೂರು ಮುರಿದುಕೊಂಡು ನೋಡಿ. ಮೊದಲ ಸಲದವರಿಗೆ ಜೇನು ಹಾಕಿದ್ದು ಒಳ್ಳೆಯದು. ಸಸ್ಯಾಹಾರಿಗಳು ಕತ್ಸುವೊ ಅಂತ ಬರೆದಿರುವುದನ್ನು ಬಿಡಿ, ಅದರಲ್ಲಿ ಒಣ ಮೀನಿನ ಚೂರು ಇರುತ್ತದೆ. ರಸ ಇರುವುದರಿಂದ ಕೈಚೀಲದಲ್ಲಿ ಬೇಡ, ದೊಡ್ಡ ಸೂಟ್‌ಕೇಸಿನಲ್ಲಿ ಎರಡು ಕವರ್ ಸುತ್ತಿ ಇಡಿ.

ಕಡಿಮೆ ದುಡ್ಡಿನಲ್ಲಿ ಏನು ತರಬಹುದು?

ಜುಕು ಕೋಸ್ಟರ್, ಕೀಚೈನ್, ಬುಕ್‌ಮಾರ್ಕ್. ಹತ್ತು ಜನಕ್ಕೆ ಹತ್ತು ಬೇರೆ ವಸ್ತು ಹುಡುಕಬೇಡಿ. ಒಂದು ಡಬ್ಬಿ ಸಿಹಿ ಎಲ್ಲರಿಗೂ, ಒಂದು ಒಳ್ಳೆಯ ಮರದ ವಸ್ತು ಮನೆಗೆ. ಪಾಸ್‌ಪೋರ್ಟ್ ಜೊತೆಗಿರಲಿ. ತೆರಿಗೆ ವಿನಾಯಿತಿ ಇರುವ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಮೇಲೆ ಕೊಂಡ ಪ್ರವಾಸಿಗಳಿಗೆ ತೆರಿಗೆ ಉಳಿಯುತ್ತದೆ. 2026ರ ನವೆಂಬರ್ 1ರಿಂದ ಮೊದಲು ಪೂರ್ತಿ ಕಟ್ಟಿ, ಹೊರಡುವಾಗ ವಾಪಸ್ ಪಡೆಯುವ ಪದ್ಧತಿ.

ನಾವೇ ಮಾಡಿ ನೋಡಬಹುದಾ?

ಹೌದು. ಯುಮೊತೊದಿಂದ ಬಸ್ಸಿನಲ್ಲಿ ಹತಜುಕುಗೆ ಹೆಚ್ಚು ಹೊತ್ತು ಬೇಡ. ಅಲ್ಲಿನ ಯೊಸೆಗಿ ಕೈಕಾನ್ ಎಂಬ ಪ್ರದರ್ಶನ ಕೇಂದ್ರದಲ್ಲಿ ಕೆಲಸ ಮಾಡಿ ತೋರಿಸುತ್ತಾರೆ, ಮರದ ತುಂಡು ಜೋಡಿಸಿ ಕೋಸ್ಟರ್ ಮಾಡಲು ಕಲಿಸುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನಾನು ಮಾಡಿದ ಕೋಸ್ಟರಿನಲ್ಲಿ ಒಂದು ಸಂದು ಬಿಟ್ಟಿದೆ. ಆ ಸಂದು ನೋಡಿದಾಗಲೆಲ್ಲ ಅಂಗಡಿಯಲ್ಲಿ ಇದ್ದ ಸಂದಿಲ್ಲದ ಪೆಟ್ಟಿಗೆಗೆ ಯಾಕೆ ಅಷ್ಟು ಬೆಲೆ ಅಂತ ತಿಳಿಯುತ್ತದೆ.

ಊರಿಗೆ ತಂದ ಮೇಲೆ ಹೇಗೆ ನೋಡಿಕೊಳ್ಳಬೇಕು?

ನೇರ ಬಿಸಿಲು ಬೇಡ, ಎಸಿ ಗಾಳಿಯ ಎದುರು ಬೇಡ. ನೀರಿನಲ್ಲಿ ನೆನೆಸಬೇಡಿ, ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮುಕು ಬೋಗುಣಿಯಲ್ಲಿ ಒಣ ಹಣ್ಣು, ಬಾದಾಮಿ ಇಡಬಹುದು, ಸಾರು ಬಡಿಸಬೇಡಿ. ಜುಕು ಕೋಸ್ಟರ್ ಮೇಲೆ ನೀರು ನಿಂತರೆ ಕೂಡಲೇ ಒರೆಸಿ.

ರಹಸ್ಯ ಪೆಟ್ಟಿಗೆ ಮಳೆಗಾಲದಲ್ಲಿ ತೆರೆಯುತ್ತಲೇ ಇಲ್ಲ. ಕೆಟ್ಟು ಹೋಯಿತಾ?

ಇಲ್ಲ, ಮರ ತೇವ ಕುಡಿದು ಊದಿಕೊಂಡಿದೆ. ನನ್ನದೂ ಮೊದಲ ಆಷಾಢದಲ್ಲಿ ಹೀಗೇ ಹಿಡಿದುಕೊಂಡಿತು. ಬಲವಂತ ಮಾಡಬೇಡಿ, ಚಾಕು ಹಾಕಿ ಮೀಟಲೇಬೇಡಿ. ಬೀರುವಿನಲ್ಲಿ ಒಣ ಜಾಗದಲ್ಲಿಟ್ಟು ಕೆಲವು ವಾರ ಮರೆತುಬಿಡಿ. ಆಮೇಲೆ ಪೆಟ್ಟಿಗೆಯ ಜೊತೆ ಬಂದ ಚೀಟಿ ನೋಡಿಕೊಂಡು, ಮೊದಲ ಪಟ್ಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಚೀಟಿಯನ್ನು ಮಾತ್ರ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಬೇಡಿ.